ಹಾಲಮ್ಮನ ಗೇಣು

ನಮ್ಮೂರಿನ ಮನೆಗಳು ವರ್ಷಕ್ಕೆ ನಾಲ್ಕು ಬೆರಳು ಇಳಿಯುತ್ತವೆ. ರಸ್ತೆ ಇಳಿಯುವುದಿಲ್ಲ, ಬಸ್ ಸ್ಟ್ಯಾಂಡು ಇಳಿಯುವುದಿಲ್ಲ, ಗೊಬ್ಬರದ ಗೋದಾಮು ನಾನು ಚಡ್ಡಿ ಹಾಕಿಕೊಂಡು ಓಡಾಡುವ ಕಾಲದಲ್ಲಿ ಎಲ್ಲಿತ್ತೋ ಇವತ್ತೂ ಅಲ್ಲೇ ಇದೆ. ಮನುಷ್ಯರು ಉಂಡು ಮಲಗಿ ಏಳುವ ಮನೆಗಳಷ್ಟೇ ಇಳಿಯುವುದು. ಶಾಲೆ ಕೂಡ ಒಂದಿಷ್ಟು ಇಳಿಯುತ್ತದೆ, ಬೇಸಿಗೆ ರಜೆ ಬಂದರೆ ನಿಲ್ಲುತ್ತದೆ. ಮದುವೆ ನಡೆದ ಮನೆ ಒಂದೇ ವಾರದಲ್ಲಿ ಅರ್ಧ ಬೆರಳು ಹೆಚ್ಚಿಗೆ ಇಳಿದದ್ದನ್ನು ನಾನೇ ಅಳೆದು ನೋಡಿದ್ದೇನೆ. ಇದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೇಲೊಂದು ಅಂತಸ್ತು ಕಟ್ಟುತ್ತಾರೆ, ಕೆಳಗಿನದು ನೆಲದೊಳಗೆ ಹೋಗುತ್ತದೆ. ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುವ ಮೊದಲು ಮನೆ ಎಷ್ಟು ಅಂತಸ್ತು ಇಳಿದಿದೆ ಎಂದು ಕೇಳುತ್ತಾರೆ. ಮೂರು ಇಳಿದಿದ್ದರೆ ಒಳ್ಳೆಯ ಮನೆತನ ಅಂತ ಲೆಕ್ಕ.

ನನ್ನನ್ನು ಊರಲ್ಲಿ ಅಂದಾಜಿನ ರುದ್ರೇಶಪ್ಪ ಅನ್ನುತ್ತಾರೆ. ಇಳಿಯುತ್ತಿರುವ ಅಂತಸ್ತನ್ನು ನೆಲಮಾಳಿಗೆ ಮಾಡಿಕೊಳ್ಳುವುದಕ್ಕೆ ಏನೇನು ಕೆಲಸ, ಎಷ್ಟು ಸಾಮಾನು, ಎಷ್ಟು ಖರ್ಚು ಅಂತ ಅಳೆದು ಬರೆದುಕೊಡುವುದು ನನ್ನ ಕಸುಬು. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ಅರವತ್ತೆರಡಾಯಿತು, ಮಂಡಿ ಸವೆದಿದೆ, ಊರಿನ ಅರ್ಧ ಜನರ ಗೋಡೆಯ ತೇವ ನನ್ನ ಎದೆಯೊಳಗೆ ಕೂತಿದೆ ಅಂತ ಡಾಕ್ಟರು ಹೇಳುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿ ಹೋಗಿದೆ. ಈ ವರ್ಷಕ್ಕೆ ಟೇಪು ಸುತ್ತಿ ಗೂಟಕ್ಕೆ ಹಾಕಿಬಿಡಬೇಕು, ಮೇಲಿನ ಮನೆಯ ಜಗಲಿಯ ಮೇಲೆ ಸುಮ್ಮನೆ ಕೂರಬೇಕು ಅಂತ ಆಸೆ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಪುರಸಭೆಯ ಚೀಟಿ ನಮ್ಮ ಮನೆಗೇ ಬಂತು.

ಚೀಟಿ ಎಲ್ಲರಿಗೂ ಬರುವಂಥದ್ದೇ. ಕೆಳ ಅಂತಸ್ತಿನ ಕಿಟಕಿಯ ಮೇಲಂಚು ರಸ್ತೆಗಿಂತ ಒಂದು ಗೇಣು ಮಾತ್ರ ಎತ್ತರದಲ್ಲಿ ಉಳಿದಾಗ ಪುರಸಭೆಯವರು ಬಂದು ಸುಣ್ಣದ ಗೆರೆ ಎಳೆದು ಹೋಗುತ್ತಾರೆ. ರಸ್ತೆಯಿಂದ ಆ ಬಾಗಿಲಿಗೆ ಇಳಿಯುವ ಹೊರಮೆಟ್ಟಿಲಿನ ಗುಂಡಿಯನ್ನು ಮೂರು ತಿಂಗಳಲ್ಲಿ ಮುಚ್ಚುತ್ತೇವೆ, ಅಷ್ಟರೊಳಗೆ ನಿಮ್ಮ ತೀರ್ಮಾನ ತಿಳಿಸಿ ಅಂತ ಚೀಟಿಯಲ್ಲಿ ಬರೆದಿರುತ್ತದೆ. ತೀರ್ಮಾನ ಎರಡೇ. ಮರಳು ತುಂಬಿಸಿ ಮುಚ್ಚಿಬಿಡುವುದು ಒಂದು. ಉಳಿಸಿಕೊಳ್ಳುವುದು ಇನ್ನೊಂದು. ಮರಳಾದರೆ ಎರಡು ದಿನದ ಕೆಲಸ, ನಲವತ್ತು ಸಾವಿರದೊಳಗೆ ಮುಗಿಯುತ್ತದೆ. ಉಳಿಸಿಕೊಳ್ಳಬೇಕೆಂದರೆ ಗೋಡೆಗೆ ನೀರು ಜಿನುಗದ ಗಿಲಾವು, ನೆಲಕ್ಕೆ ಕಲ್ಲು, ಗಾಳಿಗೆ ಕೊಳವೆ, ಕರೆಂಟು, ಎಲ್ಲಕ್ಕಿಂತ ಹೆಚ್ಚಾಗಿ ಮೇಲಿನ ಮನೆಯ ನೆಲ ಕೊರೆದು ಒಳಗಿಂದಲೇ ಇಳಿಯುವುದಕ್ಕೆ ಮೆಟ್ಟಿಲು. ಇಷ್ಟೂ ಅಂದಾಜಿನ ಪಟ್ಟಿಯಲ್ಲಿ ಬರಬೇಕು. ಪಟ್ಟಿಯ ಕೊನೆಯಲ್ಲಿ ‘ಉಪಯೋಗ’ ಅಂತ ಒಂದು ಸಾಲು ಇರುತ್ತದೆ. ಉಗ್ರಾಣ, ಪೂಜೆ, ಬಾಣಂತಿ ಕೋಣೆ, ಏನಾದರೂ ಒಂದು ಬರೆಯದಿದ್ದರೆ ಪುರಸಭೆಯಲ್ಲಿ ಮೊಹರು ಒತ್ತುವುದಿಲ್ಲ.

ಮೆಟ್ಟಿಲಿನ ವಿಷಯಕ್ಕೆ ನಮ್ಮೂರಲ್ಲಿ ಒಂದು ಪದ್ಧತಿ ಇದೆ. ಇಳಿಯುವ ಗೋಡೆಗಳಿಗೆ ಆಸರೆಯಾಗಲಿ ಅಂತ ಮೆಟ್ಟಿಲನ್ನು ಈ ಗೋಡೆಯಿಂದ ಆ ಗೋಡೆಯವರೆಗೂ ಕಟ್ಟುತ್ತಾರೆ. ಪ್ರತಿ ಮೆಟ್ಟಿಲಿನ ಎತ್ತರ ಆ ಮನೆಯ ಹಿರಿ ಹೆಂಗಸಿನ ಒಂದು ಗೇಣು ಇರಬೇಕು. ನೆಲಮಾಳಿಗೆಗೆ ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವವಳು ಅವಳೇ ಆದ್ದರಿಂದ, ಕೈ ಎಷ್ಟು ಅಗಲುತ್ತದೋ ಕಾಲು ಅಷ್ಟೇ ಏಳುತ್ತದೆ ಅಂತ ಹಿರಿಯರು ಹೇಳುತ್ತಿದ್ದರು. ಮದುವೆಯಾಗಿ ಬಂದ ದಿನ ಸೊಸೆಯ ಬಲಗೈಯನ್ನು ಬಾಗಿಲ ಪಕ್ಕದ ಹಸಿ ಗಾರೆಯ ಮೇಲೆ ಅಗಲಿಸಿ ಒತ್ತಿಸುವುದೂ ಉಂಟು. ಆದರೆ ಆ ಅಚ್ಚು ನೋಡಿ ಮೆಟ್ಟಿಲು ಬರೆಯಬಾರದು. ಇದನ್ನು ನಾನು ಊರಿಗೆಲ್ಲ ಹೇಳಿದವನು. ಗೋಡೆಯ ಮೇಲಿರುವುದು ಮದುವಣಗಿತ್ತಿಯ ಕೈ, ಮೆಟ್ಟಿಲು ಇಳಿಯುವುದು ಅಜ್ಜಿಯ ಕಾಲು, ಎರಡನ್ನೂ ಕೂಡಿಸಿದರೆ ಬೀಳುವುದು ಗ್ಯಾರಂಟಿ ಅಂತ ನಗಿಸುತ್ತಿದ್ದೆ. ಅಂದಾಜು ಬರೆಯಲು ಕೂತ ದಿನವೇ ಮನೆಯ ಹೆಂಗಸನ್ನು ಕರೆಸಿ, ಕಾಗದದ ಮೇಲೆ ಕೈ ಅಗಲಿಸಿ ಇಡಿ ತಾಯಿ ಅಂತ ಕೇಳಿ, ಹೆಬ್ಬೆರಳಿನ ತುದಿಗೂ ಕಿರುಬೆರಳಿನ ತುದಿಗೂ ಗುರುತು ಹಾಕಿಕೊಳ್ಳುತ್ತಿದ್ದೆ. ಹಾಗೆ ಈ ಊರಿನ ಎಷ್ಟು ಹೆಂಗಸರ ಕೈ ನೋಡಿದ್ದೇನೋ ಲೆಕ್ಕವಿಲ್ಲ.

ನನ್ನ ಹೆಂಡತಿ ಹಾಲಮ್ಮ ಹೊಲಿಗೆಯವಳು. ಅವಳು ಮದುವೆಯಾಗಿ ಬಂದು ಮೂವತ್ನಾಲ್ಕು ವರ್ಷ. ಅವತ್ತು ಮೂರು ಮೆಟ್ಟಿಲು ಹತ್ತಿ ಈ ಅಂತಸ್ತಿಗೆ ಬಂದಿದ್ದಳು. ಈಗ ಒಂಬತ್ತು ಮೆಟ್ಟಿಲು ಇಳಿದು ಹೋಗುತ್ತಾಳೆ. ನಾವು ಉಣ್ಣುವುದು, ಮಲಗುವುದು ಎಲ್ಲ ಮೇಲಕ್ಕೆ ಸಾಗಿ ಹತ್ತು ವರ್ಷವಾಯಿತು. ಕೆಳಗೆ ಉಳಿದದ್ದು ಅವಳ ಹೊಲಿಗೆ ಮಷಿನ್ನು, ಬಟ್ಟೆ ಕತ್ತರಿಸುವ ಮೇಜು, ಬಂದವರು ಕೂರುವ ಒಂದು ಬೆಂಚು. ಊರಿನ ಮೂರು ಬೀದಿಯ ಹೆಂಗಸರ ರವಿಕೆಗಳು ಅಲ್ಲೇ ಹುಟ್ಟಿದ್ದು. ರಸ್ತೆಯಲ್ಲಿ ಹೋಗುವವರ ಕಾಲು ನೋಡಿಯೇ ಇಂಥವರು ಅಂತ ಗುರುತು ಹೇಳುತ್ತಿದ್ದಳು. ಎರಡು ವರ್ಷದಿಂದ ಕೆಲಸ ಕಡಿಮೆಯಾಗಿತ್ತು. ಕಿಟಕಿ ಇಳಿದುಬಿಟ್ಟಿದೆ, ಬೆಳಕೇ ಬರುವುದಿಲ್ಲ, ಸೂಜಿಗೆ ದಾರ ಪೋಣಿಸುವುದೇ ಕಷ್ಟ ಅಂತ ಬಂದವರಿಗೆಲ್ಲ ಹೇಳಿ ಬಟ್ಟೆ ವಾಪಸ್ ಕಳಿಸುತ್ತಿದ್ದಳು. ನನಗೂ ಅದನ್ನೇ ಹೇಳಿದ್ದಳು. ನಾನು ಹೌದೆಂದುಕೊಂಡಿದ್ದೆ. ಈ ಊರಲ್ಲಿ ಕಿಟಕಿ ಇಳಿಯುವುದಕ್ಕಿಂತ ನಂಬುವಂಥ ಮಾತು ಇನ್ನೇನಿದೆ.

ಚೀಟಿ ಬಂದ ದಿನ ಮಧ್ಯಾಹ್ನ ಉಣ್ಣುವಾಗ ನಾನು ಮರಳು ತುಂಬಿಸಿಬಿಡೋಣ ಅಂದೆ. ಲೆಕ್ಕ ನನ್ನ ತಲೆಯಲ್ಲಿ ಮೊದಲೇ ಕೂತಿತ್ತು. ಕೂಡಿಟ್ಟದ್ದು ಎರಡು ಲಕ್ಷ ಇತ್ತು. ಮರಳಿಗೆ ನಲವತ್ತು ಹೋದರೆ ಉಳಿದದ್ದರಲ್ಲಿ ನಾನು ಕೆಲಸ ಬಿಟ್ಟು ಹೇಗೋ ಕಾಲ ಹಾಕಬಹುದು. ಮಷಿನ್ನು ಮೇಲೆ ತಂದು ರಸ್ತೆ ಕಡೆಯ ದೊಡ್ಡ ಕಿಟಕಿಯ ಹತ್ತಿರ ಇಟ್ಟರೆ ಅವಳಿಗೂ ಬೇಕಾದಷ್ಟು ಬೆಳಕು, ಬಂದವರಿಗೂ ಗುಂಡಿ ಇಳಿಯುವ ಕಷ್ಟ ತಪ್ಪುತ್ತದೆ. ಇದರಲ್ಲಿ ಬೇಡ ಅನ್ನುವುದಕ್ಕೆ ಏನಿದೆ ಅಂತ ನನ್ನ ಎಣಿಕೆ. ಹಾಲಮ್ಮ ಒಂದು ತುತ್ತು ನುಂಗಿ, ನೀರು ಕುಡಿದು, ಬ್ಯಾಡ ಅಂದಳು. ಮದುವೆಯಾದಾಗಿನಿಂದ ನನ್ನ ಮಾತಿಗೆ ಅವಳು ಹೀಗೆ ಒಂದೇ ಮಾತಲ್ಲಿ ಬೇಡ ಅಂದದ್ದು ನನಗೆ ನೆನಪಿಲ್ಲ. ಗೊಣಗುತ್ತಾಳೆ, ಕೊಂಕು ಆಡುತ್ತಾಳೆ, ಕೊನೆಗೆ ಒಪ್ಪುತ್ತಾಳೆ. ಅವತ್ತು ಒಪ್ಪಲಿಲ್ಲ.

ಒಂದು ವಾರ ಇದೇ ನಡೆಯಿತು. ಜಗಳ ಅನ್ನುವಷ್ಟು ಶಕ್ತಿ ಇಬ್ಬರಲ್ಲೂ ಇರಲಿಲ್ಲ. ನಾನು ಮಂಡಿ ತೋರಿಸುತ್ತಿದ್ದೆ, ಅವಳು ಮುಖ ತಿರುಗಿಸುತ್ತಿದ್ದಳು. ಮಷಿನ್ನು ಹಳೆಯ ಕಾಲದ್ದು, ಎತ್ತಿದರೆ ಕೀಲು ತಪ್ಪುತ್ತದೆ ಅಂದಳು. ಮೇಲೆ ಗಾಳಿಗೆ ಬಟ್ಟೆ ಹಾರುತ್ತದೆ ಅಂದಳು. ತಂದ ನೆಪಗಳೆಲ್ಲ ಸಣ್ಣವು, ಅದು ಅವಳಿಗೂ ಗೊತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮ ಅಂತ ನಾನು ಕೊನೆಗೊಂದು ದಿನ ರೇಗಿದೆ. ಆಗ ಅವಳು ತಟ್ಟೆ ಎತ್ತಿಕೊಂಡು ಎದ್ದವಳು ಅಲ್ಲೇ ನಿಂತು ಹೇಳಿದಳು.

"ಅತ್ತೆ ಅಡುಗೆಮನೆಗೆ ಮರಳು ತುಂಬ್ಸಿದ್ರಲ್ಲ, ಅದು ಸಾಕಾಗ್ಲಿಲ್ವಾ ನಿಮ್ಗೆ?"

ಈಗಿರುವ ಕೆಳ ಅಂತಸ್ತಿನ ಅಡಿಯಲ್ಲಿ ನಮ್ಮಪ್ಪನ ಕಾಲದ ಅಂತಸ್ತು ಇದೆ. ಅಪ್ಪ ತೀರಿಕೊಂಡ ವರ್ಷ ಅದರ ಚೀಟಿ ಬಂದಿತ್ತು, ನನಗೆ ಇಪ್ಪತ್ತೆರಡು. ಅವ್ವನನ್ನು ಒಂದು ಮಾತು ಕೇಳದೆ ಮರಳು ತರಿಸಿದೆ. ಅವಳ ಅಡುಗೆಮನೆ, ಒರಳು, ಗೂಡುಗಳಲ್ಲಿದ್ದ ಜಾಡಿಗಳ ಸಮೇತ ಎರಡು ದಿನದಲ್ಲಿ ತುಂಬಿಹೋಯಿತು. ಆಮೇಲೆ ಹನ್ನೆರಡು ವರ್ಷ ಬದುಕಿದ್ದ ಅವ್ವ, ಮೇಲಿನ ಅಡುಗೆಮನೆಯಲ್ಲಿ ಉಪ್ಪಿಗೆ ಅಂತ ಎಡಗಡೆ ಗೋಡೆಗೆ ಕೈ ಚಾಚುತ್ತಿದ್ದಳು. ಅಲ್ಲಿ ಗೂಡು ಇರಲಿಲ್ಲ. ಗೋಡೆ ತಡವಿ, ಕೈ ಹಿಂದಕ್ಕೆ ತೆಗೆದುಕೊಂಡು, ಬಲಗಡೆಯ ಹಲಗೆಯಿಂದ ಉಪ್ಪು ತೆಗೆಯುವಳು. ಹಾಲಮ್ಮ ಸೊಸೆಯಾಗಿ ಬಂದ ಮೇಲೆ ಇದನ್ನು ಆರು ವರ್ಷ ನೋಡಿದ್ದಾಳೆ. ಇದರ ಬಗ್ಗೆ ಅವಳು ಆಡಿದ ಮೊದಲ ಮಾತು ಅವತ್ತಿನದು.

ಸರಿ, ಉಳಿಸಿಕೊಳ್ಳೋಣ ಅಂದೆ. ಸಂತೋಷದಿಂದ ಅಂದೆ ಅಂತ ಹೇಳಲಾರೆ. ಮಾರನೆಯ ದಿನ ಟೇಪು, ಪೆನ್ಸಿಲು ಹಿಡಿದು ನಮ್ಮದೇ ಮನೆಯ ಕೆಳಗಿಳಿದೆ. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುತ್ತಾರಲ್ಲ, ಹಾಗೆ ನಮ್ಮ ಗೋಡೆಯನ್ನು ನಾನು ಸರಿಯಾಗಿ ನೋಡಿಯೇ ಎಷ್ಟು ವರ್ಷವಾಗಿತ್ತೋ. ಕೋಣೆ ಇಪ್ಪತ್ತಾರು ಅಡಿ ಉದ್ದ, ಒಂಬತ್ತು ಅಡಿ ಅಗಲ, ಹತ್ತು ಅಡಿ ಎತ್ತರ. ಬಡಗಣ ಗೋಡೆ ಮೊಳದೆತ್ತರಕ್ಕೆ ತೇವ ಹೀರಿತ್ತು. ಗಿಲಾವಿಗೆ ಐವತ್ತೈದು ಸಾವಿರ, ನೆಲದ ಕಲ್ಲಿಗೆ ಮೂವತ್ತು, ಗಾಳಿಯ ಕೊಳವೆಗೆ ಹದಿನೆಂಟು, ಮೇಲಿನ ನೆಲ ಕೊರೆದು ಮೆಟ್ಟಿಲು ಕಟ್ಟುವುದಕ್ಕೆ ಎಂಬತ್ತು. ಕರೆಂಟಿನ ತಂತಿ ಬೇರೆ, ಸುಣ್ಣ ಬೇರೆ. ಬೇರೆಯವರಿಗೆ ಬರೆಯುವಾಗ ನನ್ನ ಪೆನ್ಸಿಲು ಎಲ್ಲೂ ನಿಲ್ಲುವುದಿಲ್ಲ. ಅವತ್ತು ಪ್ರತಿ ಸಾಲಿಗೂ ನಿಂತಿತು. ನೆಲಕ್ಕೆ ಕಡಪಾ ಕಲ್ಲು ಬಿಟ್ಟು ಸಿಮೆಂಟೇ ಸಾಕು ಅಂದುಕೊಂಡೆ. ತೆಂಕಣ ಗೋಡೆಗೆ ಒಂದೇ ಕೈ ಗಿಲಾವು ಸಾಕು ಅಂದುಕೊಂಡೆ.

ಹಾಲಮ್ಮ ಮೇಜಿನ ಆಚೆ ಕೂತು ಸೆರಗು ಹೊದ್ದು ಕೇಳುತ್ತಿದ್ದಳು. ಹೊಲಿಗೆಯ ಜಾಗ ಅಂತ ನಾನು ಎರಡು ಟ್ಯೂಬ್‌ಲೈಟು, ರಸ್ತೆಯ ಅಂಚಿನಲ್ಲಿ ಬೆಳಕು ಇಳಿಯಲು ಗಾಜಿನ ಇಟ್ಟಿಗೆ ಬರೆದಿದ್ದೆ. ಅದನ್ನು ಓದಿದಾಗ ಅವಳು ಹೊಡೆದುಹಾಕಿ ಅಂದಳು. ಒಂದು ಬಲ್ಬು ಸಾಕಂತೆ, ಅದೂ ಮೆಟ್ಟಿಲ ಹತ್ತಿರ. ಒಂದು ಬಲ್ಬಿನಲ್ಲಿ ಗುಂಡಿಯ ಕಾಜು ಹೇಗೆ ಮಾಡುತ್ತೀಯೆ ಅಂತ ಕೇಳಿದೆ. ಇಷ್ಟು ವರ್ಷದ ಅಭ್ಯಾಸ, ಬೆರಳಿಗೇ ಕಣ್ಣಿದೆ ಅಂದಳು. ನನಗೆ ಒಳಗೊಳಗೆ ಖುಷಿಯಾಯಿತು. ಒಂದೇ ಗೆರೆಗೆ ಹನ್ನೊಂದು ಸಾವಿರ ಉಳಿಯಿತಲ್ಲ ಅಂತ. ಮೊದಲ ಸಲ ಇವಳು ನನ್ನ ಕಷ್ಟ ಅರ್ಥ ಮಾಡಿಕೊಂಡಳು ಅಂತ ಕೂಡ ಅನ್ನಿಸಿತು. ಇದನ್ನು ಈಗ ಹೇಳುವುದಕ್ಕೆ ನಾಚಿಕೆಯಾಗುತ್ತದೆ.

ಕೊನೆಗೆ ಮೆಟ್ಟಿಲಿನ ಲೆಕ್ಕ ಬಂತು. ಅಷ್ಟು ಹೊತ್ತಿಗೆ ಅವಳು ಅಕ್ಕಿ ಆರಿಸಬೇಕು ಅಂತ ಎದ್ದು ಮೇಲೆ ಹೋಗಿದ್ದಳು. ಕರೆಯಬಹುದಿತ್ತು. ಹೊರಗಿನ ಒಂಬತ್ತು ಮೆಟ್ಟಿಲಿನ ಬುಡಕ್ಕೆ ಹೋಗಿ ಕೂಗಿದ್ದರೆ ಸಾಕಿತ್ತು. ನನಗೆ ಮಂಡಿ ನೋಯುತ್ತಿತ್ತು, ಬೆನ್ನು ಹಿಡಿದಿತ್ತು. ಕೂಗಿದರೆ ಮತ್ತೇನಾದರೂ ಅಂದಾಳು ಅಂತ ಬೇಸರವೂ ಇತ್ತು. ಬಾಗಿಲ ಪಕ್ಕದಲ್ಲಿ ಅವಳ ಕೈಯಚ್ಚು ಇತ್ತು, ಮೂವತ್ನಾಲ್ಕು ವರ್ಷದ ಸುಣ್ಣದ ಪದರದ ಕೆಳಗೂ ಐದು ಬೆರಳು ಚೆನ್ನಾಗಿ ಕಾಣುತ್ತಿತ್ತು. ಟೇಪು ಇಟ್ಟೆ. ಸರಿಯಾಗಿ ಎಂಟು ಇಂಚು. ಹತ್ತು ಅಡಿ ಎತ್ತರಕ್ಕೆ ಹದಿನೈದು ಮೆಟ್ಟಿಲು, ಒಂದೊಂದಕ್ಕೆ ಒಂದಡಿ ಅಗಲ, ಹದಿನೈದು ಅಡಿ ಮೆಟ್ಟಿಲಿಗೆ ಹೋದರೆ ಹನ್ನೊಂದು ಅಡಿ ಕೋಣೆ ಉಳಿಯುತ್ತದೆ. ಮಷಿನ್ನು, ಮೇಜು, ಬೆಂಚು ಮೂರೂ ಹಿಡಿಯುತ್ತವೆ. ಒಟ್ಟು ಒಂದು ಲಕ್ಷ ತೊಂಬತ್ತಾರು ಸಾವಿರ. ಉಪಯೋಗ ಅನ್ನುವ ಸಾಲಿನಲ್ಲಿ ‘ಹೊಲಿಗೆ’ ಅಂತ ಬರೆದು ಪಟ್ಟಿ ಮಡಚಿದೆ.

ಮುಂದಿನ ಸೋಮವಾರ ದಸ್ತಗೀರ್ ಮೇಸ್ತ್ರಿ ಬಂದ. ನನ್ನ ಪಟ್ಟಿಗಳನ್ನೆಲ್ಲ ಕಟ್ಟಡ ಮಾಡುವವನು ಅವನೇ. ಇಪ್ಪತ್ತು ವರ್ಷದ ಒಡನಾಟ. ಊರಿನಲ್ಲಿ ನಾನು ನಂಬುವ ಕೈ ಒಂದಿದ್ದರೆ ಅದು ಅವನದು. ಕೆಲಸ ಶುರು ಮಾಡುವ ಮೊದಲು ಒಂದು ಸಣ್ಣ ಶಾಸ್ತ್ರ ಇರುತ್ತದೆ. ಮೇಸ್ತ್ರಿ ಒಂದು ಹಲಗೆಯ ಮೇಲೆ ಅಂದಾಜಿನಲ್ಲಿ ಬರೆದಷ್ಟು ಅಂತರಕ್ಕೆ ಸೀಮೆಸುಣ್ಣದ ಎರಡು ಗೆರೆ ಎಳೆಯುತ್ತಾನೆ. ಮನೆಯ ಹೆಂಗಸು ಅರಿಸಿನ ಹಚ್ಚಿದ ಕೈಯನ್ನು ಆ ಗೆರೆಯಿಂದ ಈ ಗೆರೆಗೆ ಅಗಲಿಸಿ ಇಡಬೇಕು. ಆ ಹಲಗೆಯೇ ಮೆಟ್ಟಿಲಿಗೆಲ್ಲ ಅಳತೆ. ಗೆರೆ ಯಾವಾಗಲೂ ಕೂಡಿ ಬರುತ್ತದೆ. ಕೈ ಮೊದಲೇ ನೋಡಿ ಬರೆದಿರುತ್ತೇನಲ್ಲ. ಎರಡು ನಿಮಿಷದ ಕೆಲಸ, ಆಮೇಲೆ ಬೆಲ್ಲ ಹಂಚುತ್ತಾರೆ.

ಹಾಲಮ್ಮನನ್ನು ಕರೆದರೆ ಬೇಗ ಬರಲಿಲ್ಲ. ಕೈ ತೊಳೆಯುತ್ತಿದ್ದೇನೆ ಅಂದಳು. ಬಂದವಳು ನೀವೇ ಇಡ್ರಿ, ಯಾರಿಟ್ರೂ ಅಷ್ಟೇ ಅಂದಳು. ದಸ್ತಗೀರ್ ನಕ್ಕು, ಹಾಗೆ ಮಾಡಿದರೆ ಆಮೇಲೆ ಕಾಲು ಜಾರಿದ ದಿನ ನನ್ನನ್ನು ಬೈಯುತ್ತೀರಿ ಅಕ್ಕಾ ಅಂದ. ಅವಳು ಸೆರಗಿನಿಂದ ಬಲಗೈ ಹೊರಗೆ ತೆಗೆದಳು. ಅರಿಸಿನದ ಬಟ್ಟಲಲ್ಲಿ ಅದ್ದಿದಳು. ಕಿರುಬೆರಳನ್ನು ಒಂದು ಗೆರೆಯ ಮೇಲಿಟ್ಟಳು. ಹೆಬ್ಬೆರಳು ಇನ್ನೊಂದು ಗೆರೆಗೆ ಹೋಗಲಿಲ್ಲ.

ನಾನು ಅವಳು ಆಟ ಆಡುತ್ತಿದ್ದಾಳೆ ಅಂದುಕೊಂಡೆ. ಅಕ್ಕಾ, ಇನ್ನೊಂಚೂರು ಅಗಲಿಸಿ ಅಂತ ದಸ್ತಗೀರ್ ಮೆಲ್ಲಗೆ ಹೇಳಿದ. ಅವಳು ಅಗಲಿಸಲು ನೋಡಿದಳು. ಹೆಬ್ಬೆರಳಿನ ಬುಡದ ಗಂಟು ಊದಿಕೊಂಡಿತ್ತು, ಬೆರಳು ಅಂಗೈ ಕಡೆಗೇ ಬಾಗಿ ನಿಂತಿತ್ತು. ಅವಳ ತುಟಿ ಬಿಳಿಚಿಕೊಂಡಿತು. ಬೆರಳಿಗೂ ಗೆರೆಗೂ ನಡುವೆ ನನ್ನ ಮೂರು ಬೆರಳು ಹಿಡಿಯುವಷ್ಟು ಜಾಗ ಹಾಗೇ ಉಳಿಯಿತು. ಬಟ್ಟಲಿನ ಅರಿಸಿನ ಅವಳ ಮಣಿಕಟ್ಟಿನಿಂದ ಹಲಗೆಯ ಮೇಲೆ ಹನಿಯಿತು. ಸಾಕು ತೆಗೀರಿ ಅಕ್ಕಾ ಅಂದ ದಸ್ತಗೀರ್. ಆಮೇಲೆ ನನ್ನ ಕಡೆ ತಿರುಗಿದ.

"ರುದ್ರೇಶಣ್ಣ, ಗೋಡೆ ಅಚ್ಚು ನೋಡಿ ಬರ್ದ್ಯಾ?"

ಹೋದ ವರ್ಷ ಇದೇ ತಪ್ಪಿಗೆ ಒಬ್ಬ ಎಳೆ ಮೇಸ್ತ್ರಿಯನ್ನು ನಾನು ಬೀದಿಯಲ್ಲಿ ನಿಲ್ಲಿಸಿ ಬೈದಿದ್ದೆ, ಆಗ ದಸ್ತಗೀರ್ ಪಕ್ಕದಲ್ಲೇ ಇದ್ದ. ಅವನು ಇನ್ನೇನೂ ಕೇಳದೆ, ಚಾ ಕುಡಿದು ಬರುತ್ತೇನೆ ಅಂತ ಹೇಳಿ ಹೊರಗಿನ ಮೆಟ್ಟಿಲು ಹತ್ತಿ ಹೋದ. ಅವನ ಕಾಲು ಕಿಟಕಿಯ ಸಂದಿಯಲ್ಲಿ ಆಚೆ ದಾಟಿದ್ದು ಕಾಣಿಸಿತು.

ಎಷ್ಟು ದಿನವಾಯಿತು ಅಂತ ಕೇಳಿದೆ. ಹಾಲಮ್ಮ ಬೆಂಚಿನ ಮೇಲೆ ಕೂತು ಅರಿಸಿನದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಎರಡು ವರ್ಷ ಅಂದಳು. ಮೊದಲು ಕತ್ತರಿ ಹಿಡಿದಾಗ ಮಾತ್ರ ನೋಯುತ್ತಿತ್ತಂತೆ. ಆಮೇಲೆ ಸೂಜಿ ಹಿಡಿಯುವುದೂ ಆಗಲಿಲ್ಲವಂತೆ. ಗಂಡನ ಮನೆಯಿಂದ ಬಂದಿದ್ದ ನಮ್ಮ ಮಗಳ ಜೊತೆ ಹೋಗಿ ಡಾಕ್ಟರಿಗೂ ತೋರಿಸಿದ್ದಳು. ಇನ್ನು ಹೊಲಿಯುವುದು ಆಗುವುದಿಲ್ಲ ಅಂತ ಅವರು ಹೇಳಿಬಿಟ್ಟಿದ್ದರು. ಮಗಳಿಗೆ ಆಣೆ ಹಾಕಿಸಿ ಬಾಯಿ ಮುಚ್ಚಿಸಿದ್ದಳು. ದಿನಾ ಬೆಳಿಗ್ಗೆ ಒಂಬತ್ತು ಮೆಟ್ಟಿಲು ಇಳಿದು ಬರುತ್ತಿದ್ದಳು, ಮಷಿನ್ನಿಗೆ ಎಣ್ಣೆ ಹಾಕುತ್ತಿದ್ದಳು, ಎಡಗೈಯಲ್ಲಿ ಚಕ್ರ ತಿರುಗಿಸಿ ಸದ್ದು ಮಾಡುತ್ತಿದ್ದಳು. ಮೇಲೆ ಕೂತ ನಾನು ಆ ಸದ್ದು ಕೇಳಿ, ಇವಳಿಗೆ ಇವತ್ತು ಕೆಲಸ ಬಂದಿದೆ ಅಂದುಕೊಳ್ಳುತ್ತಿದ್ದೆ.

"ಕೆಳಗಿದ್ರೆ ಬೆಳಕಿಲ್ಲ ಅಂತೀನಿ, ಕೇಳಿದೋರು ಹೌದು ಅಂತಾರೆ," ಅಂದಳು. "ಮಷಿನ್ನು ಮೇಲೆ ಆ ಕಿಟಕಿ ಹತ್ರ ಇಟ್ರೆ ನಾನು ಏನಂತ ಹೇಳ್ಲಿ?"

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ನನಗೆ ಕನ್ನಡಿ ಕೊಟ್ಟಿದ್ದರೂ ಕಾಣುತ್ತಿರಲಿಲ್ಲ. ಒಂದೊಂದೇ ನೆನಪಾಯಿತು. ಎರಡು ವರ್ಷದಿಂದ ರೊಟ್ಟಿ ದಪ್ಪ ಆಗಿತ್ತು, ಆಮೇಲೆ ರೊಟ್ಟಿಯೇ ನಿಂತು ಮುದ್ದೆ, ಉಪ್ಪಿಟ್ಟು ಬಂದಿತ್ತು. ರೊಟ್ಟಿ ತಟ್ಟಲು ಸೋಮಾರಿತನ ನಿನಗೆ ಅಂತ ನಾನು ಅಂದಿದ್ದೆ, ಒಂದು ಸಲ ಅಲ್ಲ, ಹತ್ತಾರು ಸಲ. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿಯಾಗಿ ಹಾಕುವುದನ್ನು ಬಿಟ್ಟಿದ್ದಳು, ಅದಕ್ಕೂ ಬೈದಿದ್ದೆ. ಊರಿನ ಹೆಂಗಸರ ಕೈಯೆಲ್ಲ ಕಾಗದದ ಮೇಲೆ ಇಡಿಸಿಕೊಂಡು ಇಪ್ಪತ್ತೆಂಟು ವರ್ಷ ನೋಡಿದವನು, ದಿನಾ ನನಗೆ ಅನ್ನ ಬಡಿಸುವ ಕೈ ನೋಡಿರಲಿಲ್ಲ. ನನಗೆ ಅಳು ಬಂತು.

ಅವಳೇ ಮಾತಾಡಿದಳು. ಇನ್ನು ಮರಳು ತುಂಬಿಸಿಬಿಡಿ ಅಂದಳು. ದಸ್ತಗೀರನಿಗೆ ಗೊತ್ತಾದ ಮೇಲೆ ನಾಳೆ ಊರಿಗೆ ಗೊತ್ತಾಗುತ್ತದೆ, ಇನ್ನು ಮುಚ್ಚಿಡುವುದಕ್ಕೆ ಏನೂ ಇಲ್ಲ, ನಿಮ್ಮ ದುಡ್ಡಾದರೂ ಉಳಿಯಲಿ, ನೀವೂ ಕೆಲಸ ಬಿಟ್ಟು ಕೂರಬಹುದು ಅಂದಳು. ಕೋಪದಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಸುಸ್ತಾದ ದನಿಯಲ್ಲಿ, ಸಂತೆಯಿಂದ ತಂದ ಚೀಲ ಕೆಳಗಿಡುವ ಹಾಗೆ ಹೇಳಿದಳು. ಚೀಟಿ ಬಂದಾಗಿನಿಂದ ನಾನು ಬಯಸಿದ್ದ ಮಾತು ಕೊನೆಗೂ ಅವಳ ಬಾಯಲ್ಲಿ ಬಂದಿತ್ತು.

ನಾನು ಅವಳ ಕೈ ಹಿಡಿದು ಮೇಜಿನ ಮೇಲೆ ಇಟ್ಟೆ. ಅಗಲಿಸಬೇಡ, ಎಷ್ಟಿದೆಯೋ ಅಷ್ಟೇ ಇಡು ಅಂದೆ. ಕಾಗದ ತೆಗೆದು, ಹೆಬ್ಬೆರಳಿನ ತುದಿಗೊಂದು ಗುರುತು, ಕಿರುಬೆರಳಿನ ತುದಿಗೊಂದು ಗುರುತು ಹಾಕಿದೆ. ಬೇರೆಯವರ ಮನೆಯಲ್ಲಿ ಮಾಡುವ ಹಾಗೇ ಮಾಡಿದೆ. ಐದೂವರೆ ಇಂಚು ಬಂತು. ಐದೂವರೆಗೆ ಇಪ್ಪತ್ತೆರಡು ಮೆಟ್ಟಿಲು. ಇಪ್ಪತ್ತೆರಡು ಅಡಿ ಮೆಟ್ಟಿಲಿಗೇ ಹೋದರೆ ಕೋಣೆಯಲ್ಲಿ ನಾಲ್ಕು ಅಡಿ ಉಳಿಯುತ್ತದೆ. ಮೇಜು ಹಿಡಿಯುವುದಿಲ್ಲ, ಮಷಿನ್ನು ಹಿಡಿದರೂ ಕಾಲು ಚಾಚಿ ತುಳಿಯಲು ಆಗುವುದಿಲ್ಲ. ಪಟ್ಟಿಯಲ್ಲಿ ಏಳು ಮೆಟ್ಟಿಲಿನ ಖರ್ಚು ಸೇರಿಸಿದೆ. ಎರಡು ಲಕ್ಷ ದಾಟಿ ಹೋಯಿತು.

ದಸ್ತಗೀರ್ ಚಾ ಕುಡಿದು ಬಂದವನು ಪಟ್ಟಿ ನೋಡಿ ತಲೆ ಕೆರೆದುಕೊಂಡ. ಮೆಟ್ಟಿಲನ್ನು ಅರ್ಧಕ್ಕೆ ತಿರುಗಿಸಿ ಮಡಚಿದರೆ ಜಾಗ ಉಳಿಯುತ್ತಿತ್ತು, ಆದರೆ ಮಧ್ಯೆ ತೊಲೆ ಇದೆ, ಅದನ್ನು ಮುಟ್ಟಿದರೆ ಮೇಲಿನ ಮನೆ ಬೀಳುತ್ತದೆ ಅಂದ. ಅದು ನನಗೂ ಗೊತ್ತಿತ್ತು. ಕೋಣೆಯೆಲ್ಲ ಮೆಟ್ಟಿಲೇ ಆಯಿತಲ್ಲ ಅಣ್ಣ, ಕೆಳಗೆ ಇಳಿದು ಮಾಡೋದೇನು ಅಂತ ಕೇಳಿದ. ತಪ್ಪು ಪ್ರಶ್ನೆಯಲ್ಲ. ಉಪಯೋಗದ ಸಾಲಿನಲ್ಲಿ ನಾನೇ ಬರೆದಿದ್ದ ‘ಹೊಲಿಗೆ’ ಹಾಗೇ ಇತ್ತು. ಹಾಲಮ್ಮ ನೋಡುತ್ತಿದ್ದಂತೆಯೇ ಅದರ ಮೇಲೆ ಒಂದು ಗೆರೆ ಎಳೆದೆ. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟೋ ಸಾಲು ಹೊಡೆದುಹಾಕಿದ್ದೇನೆ, ಅಷ್ಟು ಕಷ್ಟ ಯಾವುದೂ ಆಗಿರಲಿಲ್ಲ.

ಆ ಜಾಗದಲ್ಲಿ ‘ಇಬ್ಬರು ಕೂರುವುದಕ್ಕೆ’ ಅಂತ ಬರೆದೆ. ಪುರಸಭೆಯವರು ಇದನ್ನು ಒಪ್ಪುತ್ತಾರೋ ಇಲ್ಲವೋ ಅಂತ ದಸ್ತಗೀರ್ ಅನುಮಾನ ಪಟ್ಟ. ಒಪ್ಪಿಸುವುದು ನನ್ನ ಜವಾಬ್ದಾರಿ ಅಂದೆ. ಹಾಲಮ್ಮ ನನ್ನನ್ನೇ ನೋಡುತ್ತಿದ್ದಳು. ಕೂರೋದಕ್ಕೆ ಯಾರಾದರೂ ಎರಡು ಲಕ್ಷ ಸುರಿಯುತ್ತಾರಾ, ತಲೆ ಕೆಟ್ಟಿದೆಯಾ ನಿಮಗೆ, ಕೆಲಸ ಬಿಡುತ್ತೇನೆ ಅಂದಿದ್ದಿರಲ್ಲ ಅಂತ ಕೇಳಿದಳು. ಬಿಡುವುದು ಇನ್ನೆರಡು ವರ್ಷ ಮುಂದಕ್ಕೆ ಹೋಯಿತು ಅಂದೆ. ಇನ್ನೆರಡು ವರ್ಷ ಜನರ ಗೋಡೆ ತಟ್ಟಬೇಕು, ತೇವ ಮೂಸಬೇಕು, ಕೆಮ್ಮಬೇಕು. ಅದನ್ನು ನೆನೆದರೆ ಅಲ್ಲೇ ಮಲಗಿಬಿಡೋಣ ಅನ್ನುವಷ್ಟು ದಣಿವಾಯಿತು. ಆದರೂ ಬಾಗಿಲ ಪಕ್ಕದ ಆ ಕೈಯಚ್ಚಿನ ಮೇಲೆ ಮರಳು ಸುರಿಯುವುದು ನನ್ನಿಂದ ಆಗುತ್ತಿರಲಿಲ್ಲ.

"ಒಂದ್ ಸಲ ತುಂಬ್ಸಿದ್ದೀನಿ," ಅಂದೆ. "ಇನ್ನೊಂದ್ಸಲ ಆಗಲ್ಲ ನನ್ನ ಕೈಲಿ."

ದಸ್ತಗೀರ್ ಹಲಗೆಯ ಹಳೆಯ ಗೆರೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಐದೂವರೆ ಇಂಚಿಗೆ ಹೊಸದಾಗಿ ಎಳೆದ. ಹಾಲಮ್ಮ ಮತ್ತೆ ಅರಿಸಿನ ಹಚ್ಚಿಕೊಂಡು ಕೈ ಇಟ್ಟಳು. ಈ ಸಲ ಕಿರುಬೆರಳೂ ಹೆಬ್ಬೆರಳೂ ಗೆರೆಯ ಮೇಲೆ ಸರಿಯಾಗಿ ಕೂತವು. ಗೇಣು ಕೂಡಿತು ಅಂತ ಮೇಸ್ತ್ರಿ ಪದ್ಧತಿಯ ಮಾತು ಹೇಳಿದ. ನಾನು ಬೆಲ್ಲ ಹಂಚಿದೆ. ಅವಳು ಬೆಲ್ಲವನ್ನು ಎಡಗೈಯಲ್ಲಿ ತೆಗೆದುಕೊಂಡಳು, ಅರಿಸಿನದ ಬಲಗೈಗೆ ಸೆರಗು ಅಡ್ಡ ಹಿಡಿಯಲಿಲ್ಲ.

ಮಷಿನ್ನನ್ನು ಮೇಲೆ ಸಾಗಿಸಲು ದಸ್ತಗೀರ್ ಇಬ್ಬರು ಆಳುಗಳನ್ನು ಕರೆದ. ಎಲ್ಲಿಡಬೇಕು ಅಂತ ಕೇಳಿದಾಗ ನಾನು ಒಳಕೋಣೆ ಅಂದೆ, ಯಾರ ಕಣ್ಣಿಗೂ ಬೀಳದಿರಲಿ ಅಂತ. ಹಾಲಮ್ಮ ರಸ್ತೆ ಕಡೆಯ ಕಿಟಕಿಯ ಹತ್ತಿರವೇ ಇಡಲಿ ಅಂದಳು. ಯಾರಾದರೂ ಬಟ್ಟೆ ತಂದರೆ ಕೈ ಆಗುವುದಿಲ್ಲ ಅಂತಲೇ ಹೇಳುತ್ತೇನೆ ಅಂದಳು. ಆಳುಗಳು ಮಷಿನ್ನು ಹೊತ್ತು ಒಂಬತ್ತು ಮೆಟ್ಟಿಲು ಹತ್ತಿದರು. ಯಾವ ಕೀಲೂ ತಪ್ಪಲಿಲ್ಲ. ಅದಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು, ಒಂದಿಷ್ಟು ದಾರದ ಚೂರು ಉಳಿದಿತ್ತು. ಅವಳು ಬಗ್ಗಿ ದಾರದ ಚೂರುಗಳನ್ನು ಆಯ್ದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಾನು ಪಟ್ಟಿ ಮಡಚಿ ಜೇಬಿಗೆ ಹಾಕುವವನಿದ್ದೆ. ಅವಳು ಖಾಲಿಯಾದ ಕೋಣೆಯ ಮಧ್ಯೆ ನಿಂತು, ಕಿಟಕಿಯಲ್ಲಿ ಉಳಿದ ಒಂದು ಗೇಣು ಬೆಳಕನ್ನು ನೋಡುತ್ತಿದ್ದಳು.

"ರೀ," ಅಂದಳು. "ಆ ಹೊಡ್ದಾಕಿದ ಲೈಟು, ಗಾಜಿನ ಇಟ್ಟಿಗೆ ಮತ್ತೆ ಬರ್ಕಳ್ರಿ. ಎರಡೂ."

ಪಟ್ಟಿ ಬಿಚ್ಚಿ ಬರೆದುಕೊಂಡೆ. ಹನ್ನೊಂದು ಸಾವಿರ ಮತ್ತೆ ಸೇರಿತು.